ಬಸ್ಸಿನ ದುಡ್ಡು ಯಾರ ಲೆಕ್ಕಕ್ಕೆ?

ಕಳೆದ ಯುಗಾದಿ ಮುಗಿದ ಮೂರನೆಯ ದಿನ ನಾನು ಗಜೇಂದ್ರಗಡ ಸಮೀಪದ ರಾಜೂರಿನಲ್ಲಿ ಬಂಧುಗಳ ಮನೆಯಲ್ಲಿದ್ದೆ. ಹಬ್ಬಕ್ಕೆಂದು ಬಂದಿದ್ದ ಜನ ಮತ್ತೆ ಹೊರಟು ನಿಂತಿದ್ದರು. ಕೆಲವರು ಗೋವಾಕ್ಕೆ, ಕೆಲವರು ಮಂಗಳೂರಿಗೆ, ಮತ್ತೆ ಕೆಲವರು ಬೆಂಗಳೂರಿಗೆ. ಹಾಸಿಗೆಯ ಸುರುಳಿ, ಜೋಳದ ಚೀಲ, ಕಟಕು ರೊಟ್ಟಿಯ ಗಂಟುಗಳ ನಡುವೆ ಕುಳಿತಿದ್ದ ಗಾರೆ ಕೆಲಸದವರೊಬ್ಬರನ್ನು, ಬಸ್ಸಿನ ಖರ್ಚನ್ನು ಯಾರು ಕೊಡುತ್ತಾರೆ ಎಂದು ಕೇಳಿದೆ. ‘ಮೇಸ್ತ್ರಿ ಕೊಡ್ತಾನ್ರೀ ಸಾಹೇಬ್ರ, ಆಮ್ಯಾಲೆ ಪಗಾರದಾಗ ಮುರ್ಕೋತಾನ’ ಎಂದರು. ಅವರ ದನಿಯಲ್ಲಿ ದೂರೇನೂ ಇರಲಿಲ್ಲ. ಅದು ಲೋಕರೂಢಿ ಎಂಬಂತೆ ಹೇಳಿದರು.

ಮೂವತ್ತಕ್ಕೂ ಹೆಚ್ಚು ವರ್ಷ ಸರ್ಕಾರಿ ಸೇವೆಯಲ್ಲಿದ್ದ ನನಗೆ ಆ ಮಾತು ಚುಚ್ಚಿತು. ವರ್ಗಾವಣೆಯಾದಾಗಲೆಲ್ಲ ನನ್ನ ಪ್ರಯಾಣದ ಖರ್ಚು, ಕುಟುಂಬದವರ ಟಿಕೆಟ್ಟು, ಮನೆಸಾಮಾನು ಸಾಗಿಸಿದ ಲಾರಿ ಬಾಡಿಗೆ ಎಲ್ಲವನ್ನೂ ಬಿಲ್ ಬರೆದು ಪಡೆದವನು ನಾನು. ಪ್ರಯಾಣದಲ್ಲಿ ಕಳೆದ ದಿನವೂ ಕರ್ತವ್ಯದ ದಿನವೆಂದೇ ಎಣಿಕೆಯಾಗುತ್ತಿತ್ತು. (ಬಿಲ್ಲು ಪಾಸಾಗಲು ಆರು ತಿಂಗಳು ಹಿಡಿಯುತ್ತಿದ್ದುದು ಬೇರೆ ಮಾತು.) ಮನೆಗೆ ಬೀಗ ಹಾಕಿ, ಮಕ್ಕಳನ್ನು ಶಾಲೆಯಿಂದ ಬಿಡಿಸಿ, ಸಂಸಾರ ಸಮೇತ ಹೊರಡುವ ಕೂಲಿಕಾರನ ಪಾಲಿಗೆ ಇದು ವರ್ಷಕ್ಕೆರಡು ವರ್ಗಾವಣೆ. ಅದರ ಬಿಲ್ಲು ಮಾತ್ರ ಅವನ ಕೂಲಿಯ ಮೇಲೆಯೇ ಬೀಳುತ್ತದೆ.

ಕಾನೂನು ಇದನ್ನು ಗಮನಿಸಿಯೇ ಇಲ್ಲವೆಂದಲ್ಲ. 1979ರ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯ್ದೆಯು ಗುತ್ತಿಗೆದಾರನ ಮೇಲೆ ಎರಡು ಹೊಣೆಗಳನ್ನು ಹೊರಿಸಿತ್ತು. ಮೊದಲನೆಯದು ಸ್ಥಳಾಂತರ ಭತ್ಯೆ: ತಿಂಗಳ ಕೂಲಿಯ ಅರ್ಧ ಅಥವಾ 75 ರೂಪಾಯಿ, ಯಾವುದು ಹೆಚ್ಚೋ ಅದು. ಎರಡನೆಯದು ಪ್ರಯಾಣ ಭತ್ಯೆ: ಹೋಗುವಾಗಲೂ ಬರುವಾಗಲೂ ಟಿಕೆಟ್ಟಿನ ವೆಚ್ಚಕ್ಕೆ ಕಡಿಮೆಯಿಲ್ಲದ ಮೊತ್ತ, ಜೊತೆಗೆ ಪ್ರಯಾಣದ ದಿನಗಳ ಕೂಲಿ. ಬರಹದಲ್ಲಿ ಇದು ಉದಾರವಾದ ಕಾನೂನು. ಆದರೆ ಗುತ್ತಿಗೆದಾರನ ನೋಂದಣಿ, ಪರವಾನಗಿಗಳ ಮೇಲೆ ನಿಂತಿದ್ದ ಈ ಕಾನೂನು ನೋಂದಣಿಯೇ ಇಲ್ಲದ ಮೇಸ್ತ್ರಿಯ ಜೇಬಿನ ಪುಸ್ತಕವನ್ನು ತಲುಪಲಿಲ್ಲ.

2025ರ ನವೆಂಬರ್ 21ರಂದು ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದು, ಆ ಕಾಯ್ದೆಯೂ ಅವುಗಳಲ್ಲಿ ಲೀನವಾಯಿತು. ಹೊಸ ವ್ಯವಸ್ಥೆಯಲ್ಲಿ ಒಳ್ಳೆಯ ಅಂಶಗಳಿವೆ. ತಾನಾಗಿಯೇ ಕೆಲಸ ಹುಡುಕಿಕೊಂಡು ಬಂದವನನ್ನೂ ಅದು ವಲಸೆ ಕಾರ್ಮಿಕನೆಂದು ಒಪ್ಪುತ್ತದೆ. ಹೋಗಿಬರುವ ಪ್ರಯಾಣದ ಇಡಿಗಂಟನ್ನು ಮಾಲೀಕನೇ ಕೊಡಬೇಕು ಎನ್ನುತ್ತದೆ. ಆದರೆ ಸ್ಥಳಾಂತರ ಭತ್ಯೆ ಮಾಯವಾಗಿದೆ. ಕನಿಷ್ಠ ಐವರು ವಲಸೆ ಕಾರ್ಮಿಕರಿದ್ದರೆ ಅನ್ವಯಿಸುತ್ತಿದ್ದ ರಕ್ಷಣೆಗೆ ಈಗ ಹತ್ತು ಜನ ಬೇಕು. ಎಷ್ಟು ಕಾಲ ದುಡಿದವರಿಗೆ, ಎಷ್ಟು ಅವಧಿಗೊಮ್ಮೆ, ಯಾವ ದರ್ಜೆಯ ಪ್ರಯಾಣ ಎಂಬುದೆಲ್ಲವನ್ನೂ ನಿಯಮಾವಳಿಗೆ ಬಿಡಲಾಗಿದೆ.

ಇವೆಲ್ಲಕ್ಕಿಂತ ನನ್ನನ್ನು ಕಾಡುವುದು ‘ಅಂತರರಾಜ್ಯ’ ಎಂಬ ಒಂದು ಪದ. ರಾಜೂರಿನಿಂದ ಪಣಜಿಗಿಂತ ಮಂಗಳೂರು ದೂರ, ಬೆಂಗಳೂರೂ ದೂರ. ಆದರೆ ಪಣಜಿಗೆ ಹೋದವನು ಕಾನೂನಿನ ಕಣ್ಣಿಗೆ ವಲಸೆ ಕಾರ್ಮಿಕ. ಮಂಗಳೂರಿನ ಬಹುಮಹಡಿ ಕಟ್ಟಡಕ್ಕೆ ಸಿಮೆಂಟ್ ಹೊರುವ ಅವನ ತಮ್ಮ ಯಾರೂ ಅಲ್ಲ. ರಾಜ್ಯದ ಗಡಿ ದಾಟದ ಕಾರಣಕ್ಕೆ, ರಾತ್ರಿಯಿಡೀ ಬಸ್ಸಿನಲ್ಲಿ ಕುಳಿತು ಹೋದವನಿಗೆ ಪ್ರಯಾಣ ಭತ್ಯೆಯ ಹಕ್ಕಿಲ್ಲ. ಸೂರ್ಯ ಮುಳುಗುವ ಮುನ್ನವೇ ಗಡಿ ದಾಟಿದವನಿಗೆ, ಕಾಗದದ ಮೇಲಾದರೂ, ಅದು ಉಂಟು. ಉತ್ತರ ಕರ್ನಾಟಕದ ಒಣಭೂಮಿಯಿಂದ ಕರಾವಳಿಗೂ ರಾಜಧಾನಿಗೂ ಹೋಗುವವರು ಈ ಬಿರುಕಿನಲ್ಲಿಯೇ ಬಿದ್ದಿದ್ದಾರೆ. ದೂರವನ್ನು ಅಳತೆಗೋಲಾಗಿಸುವುದು ಅಸಾಧ್ಯವೇನಲ್ಲ. 2005ರ ಉದ್ಯೋಗ ಖಾತರಿ ಕಾಯ್ದೆಯು ಐದು ಕಿಲೊಮೀಟರ್‌ಗಿಂತ ಆಚೆ ಕೆಲಸ ಕೊಟ್ಟರೆ ಶೇ 10ರಷ್ಟು ಹೆಚ್ಚು ಕೂಲಿ ಕೊಡಬೇಕೆಂದು ವಿಧಿಸಿತ್ತು. ಐದು ಕಿಲೊಮೀಟರಿಗೆ ಮನಮಿಡಿದ ಶಾಸನಸಭೆಗೆ ನಾನೂರು ಕಿಲೊಮೀಟರ್ ಕಾಣದೇ ಹೋಯಿತು.

2020ರ ಮೇ ಮೊದಲ ವಾರವನ್ನು ಓದುಗರು ಮರೆತಿರಲಾರರು. ಲಾಕ್‌ಡೌನ್‌ನಲ್ಲಿ ಕೆಲಸ ಕಳೆದುಕೊಂಡು ಬೆಂಗಳೂರಿನ ಮೆಜೆಸ್ಟಿಕ್‌ಗೆ ಬಂದವರಲ್ಲಿ ಇಂಥ ಒಳವಲಸಿಗರೇ ತುಂಬಿದ್ದರು. ಅವರಿಂದ ಮಾಮೂಲಿಗಿಂತ ಹಲವು ಪಟ್ಟು ಬಸ್ ದರ ಕೇಳಲಾಯಿತು. ಟೀಕೆ ಬಂದ ಬಳಿಕ ಸರ್ಕಾರ ಕೆಲವು ದಿನ ಉಚಿತ ಪ್ರಯಾಣ ಒದಗಿಸಿತು. ಟಿಕೆಟ್ಟಿನ ಹಣ ಪ್ರಯಾಣಿಕನದೋ, ಸರ್ಕಾರದ್ದೋ, ದಾನಿಗಳದೋ ಎಂಬ ಚರ್ಚೆ ಜೋರಾಗಿ ನಡೆಯಿತು. ಅವರನ್ನು ದುಡಿಸಿಕೊಂಡ ಮಾಲೀಕನ ಹೆಸರು ಆ ಚರ್ಚೆಯಲ್ಲಿ ಕೇಳಿಬಂದದ್ದು ಅಪರೂಪ.

ಇದಕ್ಕೆ ಗುತ್ತಿಗೆದಾರರ ಉತ್ತರ ನನಗೆ ಗೊತ್ತು. ಊರಿನ ಕೂಲಿಗಿಂತ ನಗರದ ಕೂಲಿ ಹೆಚ್ಚು, ಪ್ರಯಾಣದ ಖರ್ಚು ಅದರಲ್ಲಿಯೇ ಸೇರಿದೆ ಎನ್ನುತ್ತಾರೆ. ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ಈ ವಾದವನ್ನು ಪೂರ್ತಿ ತಳ್ಳಿಹಾಕಲಾರೆ. ಕೆಲಸಗಾರರ ಕೊರತೆಯಿದ್ದಾಗ ಕೂಲಿ ಏರುವುದು ನಿಜ. ಆದರೆ ಕರಾರಿಗೆ ಮೊದಲೇ ಮುಂಗಡ ಪಡೆದವನಿಗೆ ಚೌಕಾಸಿಯ ಶಕ್ತಿ ಎಲ್ಲಿಂದ ಬರಬೇಕು? ಕನಿಷ್ಠ ವೇತನದ ತುಟ್ಟಿಭತ್ಯೆ ಬೆಲೆ ಸೂಚ್ಯಂಕದೊಂದಿಗೆ ಏರುತ್ತದೆ. ರಾಜ್ಯದ ಬಸ್ ದರ 2025ರ ಜನವರಿಯಲ್ಲಿ ಒಮ್ಮೆಲೇ ಶೇ 15ರಷ್ಟು ಏರಿದಾಗ ದೂರದೂರಿನ ಕೂಲಿಕಾರನಿಗೂ ನಿರ್ಮಾಣ ಸ್ಥಳದ ಪಕ್ಕದ ಬಡಾವಣೆಯವನಿಗೂ ಆ ಸೂಚ್ಯಂಕ ಒಂದೇ. 2023ರ ಜೂನ್‌ನಲ್ಲಿ ಆರಂಭವಾದ ಶಕ್ತಿ ಯೋಜನೆ ಹೆಣ್ಣುಮಕ್ಕಳ ಭಾರವನ್ನು ಇಳಿಸಿತು. ಅದನ್ನು ಮನಸಾರೆ ಮೆಚ್ಚುತ್ತೇನೆ. ಆದರೆ ಅಂತರರಾಜ್ಯ ಬಸ್ಸಿಗೆ ಅದು ಅನ್ವಯಿಸದು, ಗಂಡನ ಟಿಕೆಟ್ಟೂ ತಪ್ಪದು. ಮೇಲಾಗಿ ಮಾಲೀಕ ಹೊರಬೇಕಾದ ವೆಚ್ಚದ ಒಂದು ಭಾಗವನ್ನು ತೆರಿಗೆದಾರ ಹೊತ್ತಂತಾಯಿತು.

ಮನೆಗೂ ಕೆಲಸಕ್ಕೂ ನಡುವಿನ ದಾರಿ ಕೆಲಸದ ಭಾಗವೇ ಎಂಬುದನ್ನು ಬೇರೊಂದು ಸಂದರ್ಭದಲ್ಲಿ ನಮ್ಮ ಕಾನೂನು ಒಪ್ಪಿಕೊಂಡಿದೆ. 2010ರ ತಿದ್ದುಪಡಿಯಿಂದ ಇಎಸ್‌ಐ ವ್ಯಾಪ್ತಿಯ ನೌಕರ ದಾರಿಯಲ್ಲಿ ಅಪಘಾತಕ್ಕೀಡಾದರೆ, ಕೆಲಸಕ್ಕೂ ಅದಕ್ಕೂ ನಂಟಿದ್ದಲ್ಲಿ, ಅದು ಉದ್ಯೋಗದ ಅಪಘಾತವೇ. 2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್, ಕೆಲಸಕ್ಕೆ ಹೋಗುತ್ತಾ ಮೃತಪಟ್ಟ ಸಕ್ಕರೆ ಕಾರ್ಖಾನೆಯ ಕಾವಲುಗಾರನ ಪ್ರಕರಣದಲ್ಲಿ ಇದೇ ನ್ಯಾಯವನ್ನು ನೌಕರರ ಪರಿಹಾರ ಕಾಯ್ದೆಗೂ ವಿಸ್ತರಿಸಿತು. ದಾರಿಯಲ್ಲಿ ಸತ್ತರೆ ಅದು ಉದ್ಯೋಗ, ಬದುಕಿ ತಲುಪಿದರೆ ಸ್ವಂತ ಖರ್ಚು ಎಂಬುದು ಯಾವ ತರ್ಕ?

ಎಚ್‌ಎಎಲ್, ಬಿಇಎಲ್‌ನಂಥ ಕಾರ್ಖಾನೆಗಳ ನೌಕರರಿಗೆ ಕಂಪನಿಯ ಬಸ್ಸು ಮನೆಯ ಹತ್ತಿರಕ್ಕೇ ಬರುತ್ತಿದ್ದುದನ್ನು ಬೆಂಗಳೂರಿನ ಹಳಬರು ಬಲ್ಲರು. ಸಂಘಟಿತ ವಲಯದ ವೇತನ ಒಪ್ಪಂದಗಳಲ್ಲಿ ಪ್ರಯಾಣಕ್ಕೊಂದು ಕಲಮು ಇರುವುದು ಹೊಸದೇನಲ್ಲ. ಕಟ್ಟಡ ಕಾರ್ಮಿಕರ ಸಂಘಗಳು ಈವರೆಗೆ ಕಲ್ಯಾಣ ಮಂಡಳಿಯ ಸವಲತ್ತುಗಳ ಅರ್ಜಿಗೇ ತಮ್ಮ ಶಕ್ತಿಯನ್ನು ಹೆಚ್ಚಾಗಿ ವ್ಯಯಿಸಿವೆ. ಮಾಲೀಕರೊಂದಿಗೆ ಒಪ್ಪಂದಕ್ಕೆ ಕೂರುವ ಕೆಲಸ ಹಿಂದೆ ಬಿದ್ದಿದೆ. ಅವು ಕೇಳಬೇಕಾದದ್ದು ಬಹಳವೇನಲ್ಲ. ಜಿಲ್ಲೆಯ ಹೊರಗಿನಿಂದ ಬಂದ ಪ್ರತಿಯೊಬ್ಬ ಕಾರ್ಮಿಕನಿಗೂ ಅವನ ಕುಟುಂಬಕ್ಕೂ ವರ್ಷಕ್ಕೆರಡು ಸಲ ಊರಿನವರೆಗಿನ ನಿಜವಾದ ಬಸ್ ಅಥವಾ ರೈಲು ದರ, ಪ್ರಯಾಣದ ದಿನದ ಕೂಲಿ, ಮತ್ತು ಈ ಮೊತ್ತವನ್ನು ಮುಂಗಡದ ಲೆಕ್ಕಕ್ಕೆ ಹಚ್ಚಬಾರದೆಂಬ ಸ್ಪಷ್ಟ ಮಾತು. ಒಂದು ಎಚ್ಚರ ಮಾತ್ರ ಬೇಕು. ವೇತನ ಸಂಹಿತೆಯ ಪ್ರಕಾರ ಸಾರಿಗೆ ಭತ್ಯೆ ‘ವೇತನ’ದ ಲೆಕ್ಕಕ್ಕೆ ಬಾರದು, ಇಂಥ ಭತ್ಯೆಗಳೆಲ್ಲ ಸೇರಿ ಒಟ್ಟು ಸಂಭಾವನೆಯ ಅರ್ಧವನ್ನು ಮೀರಿದ ಭಾಗವಷ್ಟೇ ವೇತನವಾಗುತ್ತದೆ. ಮೂಲ ಕೂಲಿಯನ್ನು ಕತ್ತರಿಸಿ ಅದನ್ನೇ ಪ್ರಯಾಣ ಭತ್ಯೆಯೆಂದು ತೋರಿಸಿದರೆ ಭವಿಷ್ಯನಿಧಿ, ಗ್ರಾಚ್ಯುಟಿಗಳು ಕರಗುತ್ತವೆ.

ರಾಜ್ಯ ಸರ್ಕಾರ ಮನಸ್ಸು ಮಾಡಿದರೆ ಒಳವಲಸಿಗರಿಗಾಗಿ ತನ್ನದೇ ಕಾನೂನು ತರಬಹುದು, ತರಬೇಕು ಕೂಡ. ಆದರೆ ಮಂಗಳೂರಿನ ಅಥವಾ ಬೆಂಗಳೂರಿನ ಒಂದು ಸಂಘ ಮತ್ತು ಒಬ್ಬ ಬಿಲ್ಡರ್ ಸಹಿ ಹಾಕುವ ಒಪ್ಪಂದ ವಿಧಾನಸಭೆಯ ಅಧಿವೇಶನಕ್ಕಾಗಲಿ, ರಾಜ್ಯಪತ್ರದ ಅಧಿಸೂಚನೆಗಾಗಲಿ ಕಾಯಬೇಕಾಗಿಲ್ಲ. ಬರುವ ದೀಪಾವಳಿಗೆ ರಾಜೂರಿನ ಜನ ಊರಿಗೆ ಮರಳುವ ಹೊತ್ತಿಗೆ ಅಂಥದ್ದೊಂದು ಒಪ್ಪಂದ ಆಗಿರಲು ಸಾಧ್ಯ.