ಅಮ್ಮನ ಪುಸ್ತಕಕ್ಕೆ ಮೂರು ತೂತಿನ ಹೊಲಿಗೆ



ನಿಮ್ಮ ಮನೆಯಲ್ಲೂ ಅಂಥದೊಂದು ಪುಸ್ತಕ ಇದ್ದೇ ಇರುತ್ತೆ. ಎಣ್ಣೆ ಜಿಡ್ಡು ಹತ್ತಿ, ಅರಿಸಿನದ ಕಲೆ ಬಿದ್ದು, ಹಾಳೆ ಉದುರುತ್ತಿರುವ ಅಡಿಗೆ ಪುಸ್ತಕ. ನಮ್ಮಮ್ಮನವು ಎರಡಿದ್ದವು. ಒಂದು ದಪ್ಪನೆಯದು, ಇನ್ನೊಂದು ಶಾಲೆ ಮಕ್ಕಳ ತೆಳ್ಳನೆ ನೋಟ್‌ಬುಕ್ಕು.

ಅಮ್ಮ ಹೋದ ಮೇಲೆ ದಪ್ಪನೆಯದನ್ನು ಬೈಂಡಿಂಗ್‌ಗೆ ಕೊಟ್ಟೆ. ರಟ್ಟೇನೋ ಚೆನ್ನಾಗಿತ್ತು. ತೆರೆದು ನೋಡಿದರೆ ಎದೆ ಧಸಕ್ಕೆಂದಿತು. ಸಮ ಮಾಡಲೆಂದು ಮೂರು ಕಡೆಯೂ ಅಂಚು ಕತ್ತರಿಸಿಬಿಟ್ಟಿದ್ದರು. ಅಮ್ಮ ಅಳತೆ ಬರೆಯುತ್ತಿದ್ದುದೇ ಅಂಚಿನಲ್ಲಿ! ಕೋಡುಬಳೆಗೆ ಅಕ್ಕಿಹಿಟ್ಟು ಎಷ್ಟು, ಹುರಿಗಡಲೆ ಎಷ್ಟು, ಎಲ್ಲಾ ಹೋಯಿತು. ಕೇಳೋಣವೆಂದರೆ ಅಮ್ಮ ಇಲ್ಲ. ಅಂಗಡಿಯವರನ್ನು ಬೈದು ಏನು ಪ್ರಯೋಜನ? ‘ಕತ್ತರಿಸಬೇಡಿ’ ಅಂತ ನಾನೂ ಹೇಳಿರಲಿಲ್ಲ.

ಉಳಿದದ್ದನ್ನು ಯಾರ ಕೈಗೂ ಕೊಡಲು ಮನಸ್ಸಾಗಲಿಲ್ಲ. ನಮ್ಮ ಬೀದಿಯಲ್ಲಿ ಹಿಂದೆ ಪ್ರೆಸ್ಸಿನಲ್ಲಿ ಬೈಂಡರ್ ಆಗಿದ್ದ ಅಜ್ಜ ಒಬ್ಬರಿದ್ದಾರೆ. ಅವರ ಹತ್ತಿರ ಕೂತು ಕಲಿತೆ. “ರವಿಕೆ ಹೊಲಿಯೋ ಕೈಗೆ ಇದೇನು ಕಷ್ಟ ತಾಯಿ?” ಅಂದರು. ನಿಜ, ನೀವೂ ಮಾಡಬಹುದು.

ಮೊದಲು ಹಾಳೆಗಳಿಗೆ ಪೆನ್ಸಿಲ್ಲಿನಲ್ಲಿ ಸಂಖ್ಯೆ ಹಾಕಿ. ನಡುವಿನ ಪಿನ್ನುಗಳ ಕಾಲನ್ನು ಮೊಂಡು ಚಾಕುವಿನಿಂದ ಎತ್ತಿ ತೆಗೆಯಿರಿ. ತುಕ್ಕು ಕಾಗದವನ್ನು ತಿನ್ನುತ್ತೆ. ಮಡಿಕೆ ಹರಿದಿದ್ದರೆ ಬೆರಳಗಲದ ತೆಳು ಕಾಗದದ ಪಟ್ಟಿ ಅಂಟಿಸಿ, ಭಾರವಿಟ್ಟು ಒಣಗಿಸಿ. ಸೆಲೋಟೇಪ್ ಖಂಡಿತ ಬೇಡ. ಕೆಲವೇ ವರ್ಷದಲ್ಲಿ ಹಳದಿಯಾಗಿ ಅಕ್ಷರದ ಮೇಲೆ ಕಲೆ ಉಳಿಸುತ್ತೆ.

ಅಂಟಿಗೆ ಒಂದು ಚಮಚ ಮೈದಾ, ಐದಾರು ಚಮಚ ನೀರು ಸಾಕು. ಗಂಟಿಲ್ಲದಂತೆ ಕಲಸಿ, ಸಣ್ಣ ಉರಿಯಲ್ಲಿ ಹೊಳಪು ಬರುವ ತನಕ ತಿರುವಿ, ಆರಿಸಿ. ಬೈಂಡರುಗಳು ಹುಳು ಬೀಳದಿರಲೆಂದು ಇದಕ್ಕೆ ಮೈಲುತುತ್ತ ಸೇರಿಸುವುದುಂಟು. ಅದು ವಿಷ, ಅಡಿಗೆಮನೆಗೆ ತರಬೇಡಿ. ಬೇಕಾದಷ್ಟೇ ಆಗಾಗ ಮಾಡಿಕೊಳ್ಳಿ. ಶಾಯಿಗೆ ನೀರು ತಾಗಿದರೆ ಹರಡುತ್ತೆ. ಆದ್ದರಿಂದ ಗಟ್ಟಿ ಅಂಟನ್ನೇ ತೆಳ್ಳಗೆ ಸವರಿ.

ಇನ್ನು ಹೊಲಿಗೆ. ಹಾಳೆಗಳನ್ನು ಒಂದರೊಳಗೊಂದು ಜೋಡಿಸಿ, ಹೊರಗೆ ದಪ್ಪ ಕಾಗದದ ಹೊದಿಕೆ ಇಡಿ. ನಾನು ಹೊದಿಕೆಗೆ ಅಮ್ಮನ ಹಳೇ ಹತ್ತಿ ಸೀರೆಯ ತುಂಡನ್ನು ಮೊದಲೇ ಅಂಟಿಸಿ ಒಣಗಿಸಿದ್ದೆ. ಮಡಿಕೆಯ ಮೇಲೆ ದಪ್ಪ ಸೂಜಿಯಿಂದ ಮೂರು ತೂತು ಮಾಡಿ: ನಡುವೆ ಒಂದು, ಮೇಲೆ ಕೆಳಗೆ ಒಂದೊಂದು. ಪುಸ್ತಕದ ಮೂರರಷ್ಟು ಉದ್ದದ ಗಟ್ಟಿ ಹತ್ತಿ ದಾರಕ್ಕೆ ಮೇಣ ಉಜ್ಜಿ. ಒಳಗಿನಿಂದ ನಡುವಿನ ತೂತಿನಲ್ಲಿ ಹೊರಗೆ ಬನ್ನಿ, ಮೇಲಿನದರಲ್ಲಿ ಒಳಗೆ ಹೋಗಿ. ನಡುವಿನದನ್ನು ಬಿಟ್ಟು ಕೆಳಗಿನದರಲ್ಲಿ ಹೊರಗೆ ಬಂದು, ಮತ್ತೆ ನಡುವಿನದರಲ್ಲೇ ಒಳಗೆ ಹೋಗಿ. ಉದ್ದದ ದಾರ ಎರಡು ತುದಿಗಳ ನಡುವೆ ಬರುವಂತೆ ಗಂಟು ಹಾಕಿ. ಎಳೆಯುವಾಗ ಮಡಿಕೆಯ ಉದ್ದಕ್ಕೇ ಎಳೆಯಿರಿ, ಇಲ್ಲವಾದರೆ ಕಾಗದ ಸೀಳುತ್ತೆ. ರಾತ್ರಿಯಿಡೀ ಗುಂಡುಕಲ್ಲಿನ ಭಾರ ಇಡಿ.

ದಪ್ಪ ಪುಸ್ತಕವಾದರೆ ಅಂಗಡಿಗೇ ಕೊಡಿ. ಆದರೆ ಕೊಡುವ ಮೊದಲು ಪ್ರತಿ ಪುಟವನ್ನೂ ಮೊಬೈಲಿನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ. ‘ಅಂಚು ಕತ್ತರಿಸಬೇಡಿ, ಪಕ್ಕಕ್ಕೆ ತೂತು ಹೊಡೆಯಬೇಡಿ, ಮಡಿಕೆಯಲ್ಲೇ ಹೊಲಿಯಿರಿ’ ಎಂದು ಚೀಟಿ ಬರೆದು ಅದರ ಮೇಲೇ ಇಡಿ. ಪಕ್ಕಕ್ಕೆ ಹೊಲಿದರೆ ಪುಸ್ತಕ ಪೂರ್ತಿ ತೆರೆಯದು, ಒಳಗಿನ ಅಕ್ಷರ ಕಾಣದು.

ಈ ಸಲ ಗೌರಿಹಬ್ಬಕ್ಕೆ ಕೋಡುಬಳೆಯನ್ನು ಅಂದಾಜಿನ ಮೇಲೆ ಮಾಡಿದೆ. ಕೊಂಚ ಗಟ್ಟಿಯಾಯಿತು. ಸರಿಹೋದ ದಿನ ಆ ಅಳತೆಯನ್ನು ನಾನು ಹೊಲಿದ ಪುಸ್ತಕದ ಕೊನೇ ಹಾಳೆಯಲ್ಲಿ ಬರೆಯುತ್ತೇನೆ, ನಾಲ್ಕೂ ಕಡೆ ಅಂಚು ಬಿಟ್ಟು.