ಕೆನ್ನೆಗೆ ಕೊಬ್ಬು, ಕಿಸೆಗೆ ಕನ್ನ!

ಕಳೆದ ವಾರ ಕುಮಟಾ ಬಸ್ ಸ್ಟ್ಯಾಂಡಿನಲ್ಲಿ ಭಟ್ಕಳದ ಗೆಳೆಯನೊಬ್ಬ ಸಿಕ್ಕಿದ. ವಯಸ್ಸು 23. ಒಂದು ಧಾರಾವಾಹಿಯಲ್ಲಿ ಮೂರು ದಿನದ ಪಾತ್ರ, ಅಷ್ಟೇ ಬಂಡವಾಳ. ಟೈಫಾಯಿಡ್ ಬಂದು ಕೆನ್ನೆ ಗುಳಿ ಬಿದ್ದಿತ್ತು.

"ಅಣ್ಣಾ, ಬೆಂಗಳೂರಿಗೆ ಹೋಗಿ ಕೆನ್ನೆ ತುಂಬಿಸ್ಕೊಳ್ಬೇಕು. ಇಲ್ಲಿ ಮಾವನ ಹತ್ರ ಸಾಲ ಕೇಳಿದೆ, ಕೊಡಲಿಲ್ಲ. ಇನ್ನು ಅಮ್ಮನ ಬಳೆ ಅಡ ಇಡೂದೇ ದಾರಿ" ಅಂದ.

ನಾನೇನು ಅವನಿಗಿಂತ ಜಾಣನಲ್ಲ ಸ್ವಾಮೀ! ಪಿ.ಯು.ಸಿ. ಅರ್ಧಕ್ಕೇ ಬಿಟ್ಟು ಗಾಂಧಿನಗರ ಸುತ್ತಿದವ. "ಈ ಮುಖ ಕ್ಯಾಮರಾಕ್ಕೆ ಒಗ್ಗೂದಿಲ್ಲ" ಅಂತ ಒಬ್ಬ ಹೇಳಿದ ರಾತ್ರಿ, ಕನ್ನಡಿ ಮುಂದೆ ನಿಂತು ಗಾಳಿ ತುಂಬಿ ಕೆನ್ನೆ ಉಬ್ಬಿಸಿ ನೋಡಿಕೊಂಡವ. ಹಾಗಾಗಿ ನಗಲಿಲ್ಲ. ಗೊತ್ತಿದ್ದದ್ದು ಹೇಳಿದೆ. ನೀವೂ ಕೇಳಿ.

ದಾರಿ ಎರಡು. ಒಂದು ಫಿಲ್ಲರ್. ಹೈಲುರಾನಿಕ್ ಆಸಿಡ್ ಎಂಬ ಲೋಳೆಯಂಥ ವಸ್ತುವನ್ನು ಸೂಜಿಯಿಂದ ಚರ್ಮದಡಿ ತುಂಬುತ್ತಾರೆ. ಹೆಚ್ಚಾಗಿ ವರ್ಷ, ಒಂದೂವರೆ ವರ್ಷದೊಳಗೆ ಕರಗುತ್ತದೆ. ಮತ್ತೆ ದುಡ್ಡು ಎಣಿಸಬೇಕು. ಸೂಜಿ ತಪ್ಪಿ ರಕ್ತನಾಳಕ್ಕೆ ಹೊಕ್ಕರೆ ಚರ್ಮ ಸಾಯಬಹುದು, ಕಣ್ಣೇ ಹೋಗಬಹುದು. ಆಗ ಕೂಡಲೇ ಕರಗಿಸುವ ಔಷಧ ಕೊಡಬಲ್ಲ ಡಾಕ್ಟರ್ ಬೇಕು. ಪಾರ್ಲರಿನಿಂದ ಆಗುವ ಕೆಲಸವಲ್ಲ.

ಇನ್ನೊಂದು, ನಿಮ್ಮದೇ ಹೊಟ್ಟೆಯ ಅಥವಾ ತೊಡೆಯ ಕೊಬ್ಬು ಹೀರಿ, ಸೋಸಿ, ಹನಿಹನಿಯಾಗಿ ಕೆನ್ನೆಯಲ್ಲಿ ನೆಡುವುದು. ಜರ್ಮನಿಯ ಗುಸ್ಟಾವ್ ನ್ಯೂಬರ್ 1893ರಲ್ಲೇ ತೋಳಿನ ಕೊಬ್ಬಿನಿಂದ ಮುಖದ ಕುಳಿ ತುಂಬಿದ್ದರು. ಆದರೆ ಇದು ಗದ್ದೆ ನಾಟಿಯ ಹಾಗೆ. ರಕ್ತ ಸಿಕ್ಕಿದ್ದು ಬದುಕುತ್ತದೆ, ಉಳಿದದ್ದು ಕರಗಿ ಹೋಗುತ್ತದೆ.

ಅಪಘಾತದಲ್ಲಿ ಮುಖ ಕಳಕೊಂಡವರಿಗೆ ಇದು ವರವೇ ಸರಿ. ಆದರೆ ಕೊಬ್ಬು ಹೀರುವುದೂ ಒಂದು ಆಪರೇಶನ್. 2022ರ ಮೇ ತಿಂಗಳಲ್ಲಿ ಕಿರುತೆರೆ ನಟಿ ಚೇತನಾ ರಾಜ್ ಬೆಂಗಳೂರಿನಲ್ಲಿ ಮೈಕೊಬ್ಬು ತೆಗೆಸಿಕೊಳ್ಳಲು ಹೋದವರು ಮನೆಗೆ ಮರಳಲಿಲ್ಲ. ವಯಸ್ಸು ಬರೀ 21!

ಗೆಳೆಯ ಸುಮ್ಮನಾದ. ಆಮೇಲೆ, "ಹಾಗಾರೆ ಹೀರೋ ಆಗೂದು ಹ್ಯಾಂಗೆ?" ಅಂದ.

"ಹೊನ್ನಾವರದ ಚಿಟ್ಟಾಣಿ ರಾಮಚಂದ್ರ ಹೆಗಡೆಯವರಿಗೆ 2012ರಲ್ಲಿ ಪದ್ಮಶ್ರೀ ಬಂದಾಗ ವಯಸ್ಸು ಎಂಬತ್ತರ ಹತ್ತಿರ. ಗೆಜ್ಜೆ ಇನ್ನೂ ಬಿಚ್ಚಿರಲಿಲ್ಲ. 2016ರ 'ಗೋಧಿ ಬಣ್ಣ ಸಾಧಾರಣ ಮೈಕಟ್ಟು' ನೋಡಿದ್ಯಲ್ಲ? ನೆನಪು ಕಳಕೊಂಡ ಆ ಮುದುಕನ ಸುಕ್ಕುಮುಖ ಕಂಡು ಥಿಯೇಟರಲ್ಲಿ ನೀನೇ ಅತ್ತೆ. ಆ ಅನಂತನಾಗ್ ಎಳವೆ ಕಳೆದದ್ದು ನಿಮ್ಮ ಭಟ್ಕಳ ತಾಲೂಕಿನ ಶಿರಾಲಿಯಲ್ಲೇ ಮಾರಾಯಾ! ಮೊದಲು ಗಂಜಿ-ಮೀನು ಸರಿಯಾಗಿ ಉಣ್ಣು, ಆರು ತಿಂಗಳು ಕಾಯಿ. ಆಮೇಲೂ ಬೇಕೇ ಅನ್ನಿಸಿದ್ರೆ ಪ್ಲಾಸ್ಟಿಕ್ ಸರ್ಜನ್ ಹತ್ರ ಹೋಗು, ಅಮ್ಮನಿಗೆ ಹೇಳಿ ಹೋಗು."

ಇಬ್ಬರೂ ಭಟ್ಕಳದ ಬಸ್ಸನ್ನೇ ಹತ್ತಿದೆವು. ಹೊನ್ನಾವರದಲ್ಲಿ ನಾನು ಇಳಿದೆ. ಬಸ್ಸು ಶರಾವತಿ ಸೇತುವೆಯತ್ತ ಹೊರಟಾಗ ಅವನು ಕಿಟಕಿಯ ಗಾಜಿನಲ್ಲಿ ತನ್ನ ಮುಖವನ್ನೇ ನೋಡುತ್ತ ಕೂತಿದ್ದ.

ಬಳೆ ಅಮ್ಮನ ಕೈಯಲ್ಲೇ ಉಳಿಯಿತೇ? ವಿಚಾರಿಸಿ ಮುಂದಿನ ವಾರ ಹೇಳುತ್ತೇನೆ.