ಎರಡು ಶಿರೂರುಗಳು ಮತ್ತು ತಾಲ್ಲೂಕು ವರದಿಗಾರ

ಶಿರೂರು ಎಂದೊಡನೆ ಕನ್ನಡಿಗರ ಮನಸ್ಸು ಅಂಕೋಲಾದತ್ತ ಹೊರಳುತ್ತದೆ. ಪುಣೆಯ ಕನ್ನಡಿಗರಾದ ನಮಗೆ ಇನ್ನೊಂದು ಶಿರೂರಿದೆ: ಅಹಮದನಗರದ ಹೆದ್ದಾರಿಯಲ್ಲಿ ಘೋಡ್ ನದಿಯ ದಂಡೆಯ ಊರು. ರಾಂಜಣಗಾಂವದ ಗಣಪತಿಯೂ ಅಲ್ಲಿಯ ಕಾರ್ಖಾನೆಗಳೂ ಈ ತಾಲ್ಲೂಕಿನವು. ಕೋರೆಗಾಂವ್ ಭೀಮಾ ಕೂಡ.

2018ರ ಜನವರಿ 1ರಂದು, ಕೋರೆಗಾಂವ್ ಯುದ್ಧದ ಇನ್ನೂರನೆಯ ವರ್ಷದ ಸ್ಮರಣೆಗೆ ದಲಿತರು ಅಪಾರ ಸಂಖ್ಯೆಯಲ್ಲಿ ಸೇರಿದ್ದಾಗ ಹಿಂಸಾಚಾರ ನಡೆಯಿತು. ಒಬ್ಬ ಯುವಕ ಪ್ರಾಣ ಕಳೆದುಕೊಂಡ. ಅದಕ್ಕೂ ಕೆಲವೇ ದಿನಗಳ ಮೊದಲು ಸಮೀಪದ ವಢು ಬುದ್ರುಕ್‌ನಲ್ಲಿ ಸಮಾಧಿಯೊಂದರ ಬಳಿಯ ಫಲಕದ ಬಗ್ಗೆ ತಕರಾರು ಎದ್ದಿತ್ತು. ಇಂತಹ ಹಳ್ಳಿಯ ತಕರಾರಿನ ತೂಕ ಅರಿಯಬಲ್ಲವನು ದೆಹಲಿಯ ನಿರೂಪಕನಲ್ಲ, ತಾಲ್ಲೂಕು ವರದಿಗಾರ. ಆದರೆ ವಾರ ಕಳೆಯುವಷ್ಟರಲ್ಲಿ ಚರ್ಚೆ ಟಿವಿ ಸ್ಟುಡಿಯೋಗಳಿಗೆ ಸಾಗಿತು. ವಢುವಿನ ಫಲಕ ಹಿಂದೆ ಉಳಿಯಿತು.

ಈ ತಾಲ್ಲೂಕು ವರದಿಗಾರ ಯಾರು? ಮರಾಠಿಯಿರಲಿ, ಕನ್ನಡವಿರಲಿ, ಬಹುತೇಕ ಕಡೆ ಅವನಿಗೆ ಸಂಬಳವೆಂಬುದು ಹೆಸರಿಗೆ ಮಾತ್ರ. ಹೊಟ್ಟೆಪಾಡು ನಡೆಯುವುದು ತಂದುಕೊಟ್ಟ ಜಾಹೀರಾತಿನ ಕಮಿಷನ್ನಿನಿಂದ. ಬೆಳಿಗ್ಗೆ ಸ್ಥಳೀಯ ನಾಯಕನ ಹುಟ್ಟುಹಬ್ಬದ ಶುಭಾಶಯದ ಜಾಹೀರಾತು ಪಡೆದವನೇ ಸಂಜೆ ಅದೇ ನಾಯಕನ ಮರಳಿನ ಲಾರಿಗಳ ಕುರಿತು ಬರೆಯಬೇಕು. ಮಜಿಥಿಯಾ ವೇತನ ಮಂಡಳಿಯ ಶಿಫಾರಸುಗಳನ್ನು ಸರ್ಕಾರ 2011ರಲ್ಲಿ ಅಧಿಸೂಚಿಸಿತು, 2014ರಲ್ಲಿ ಸುಪ್ರೀಂ ಕೋರ್ಟು ಎತ್ತಿಹಿಡಿಯಿತು. ನೌಕರನೆಂದೇ ಗಣನೆಗೆ ಬಾರದವನಿಗೆ ಅದರಿಂದ ದಕ್ಕುವುದೇನು? ಇಂತಹವನಿಗೆ ಪತ್ರಿಕಾಧರ್ಮದ ಕುರಿತು ಕಾರ್ಯಾಗಾರ ನಡೆಸುವುದು ನನಗೆ ಕ್ರೂರ ವಿನೋದವೆನಿಸುತ್ತದೆ.

ಪತ್ರಿಕಾ ಸ್ವಾತಂತ್ರ್ಯದ ಇತಿಹಾಸದಲ್ಲಿ ಪುಣೆಗೆ ದೊಡ್ಡ ಸ್ಥಾನವಿದೆ. ಪುಟಗಳ ಸಂಖ್ಯೆಗೆ ತಕ್ಕಂತೆ ಬೆಲೆ ಕಟ್ಟಿದ 1960ರ ಸರ್ಕಾರಿ ಆದೇಶವನ್ನು ನಾನಾಸಾಹೇಬ ಪರುಳೇಕರರ ‘ಸಕಾಳ’ ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಿ ಗೆದ್ದಿತು. ಮುಂದೆ ಅದೇ ಪತ್ರಿಕೆ ಪವಾರ್ ಕುಟುಂಬದ ಕೈಸೇರಿತು. ಕನ್ನಡದಲ್ಲಿ ವಿಜಯ ಸಂಕೇಶ್ವರರು ‘ವಿಜಯ ಕರ್ನಾಟಕ’ವನ್ನು 2006ರಲ್ಲಿ ಟೈಮ್ಸ್ ಸಮೂಹಕ್ಕೆ ಮಾರಿ, 2012ರಲ್ಲಿ ‘ವಿಜಯವಾಣಿ’ ಆರಂಭಿಸಿದರು. 2022ರ ಕೊನೆಗೆ ಎನ್‌ಡಿಟಿವಿ ಅದಾನಿ ಸಮೂಹದ ಪಾಲಾಯಿತು. ಕೊಳ್ಳುವುದೂ ಮಾರುವುದೂ ಅಪರಾಧವಲ್ಲ. ಆದರೆ ಅಂದು ಸಕಾಳ ಗಳಿಸಿಕೊಟ್ಟ ಸ್ವಾತಂತ್ರ್ಯ ಸರ್ಕಾರದ ಎದುರಿನದು. ಮಾಲೀಕನ ಎದುರು ವರದಿಗಾರನಿಗೆ ಅಂಥದೊಂದು ಆಸರೆಯನ್ನು ಯಾವ ತೀರ್ಪೂ ಕೊಡಲಿಲ್ಲ.

ಎಲ್ಲವನ್ನೂ ಕೆಡಿಸಿದ್ದು ವಾಟ್ಸ್ಆ್ಯಪ್ ಎಂಬ ವಾದವನ್ನು ನಾನು ಅರ್ಧ ಮಾತ್ರ ಒಪ್ಪುತ್ತೇನೆ. 2018ರ ಜುಲೈ 1ರಂದು ಧುಳೆ ಜಿಲ್ಲೆಯ ರಾಯಿನ್‌ಪಾಡಾದಲ್ಲಿ ಮಕ್ಕಳ ಕಳ್ಳರೆಂಬ ವದಂತಿಗೆ ಐವರು ಅಲೆಮಾರಿಗಳು ಬಲಿಯಾದರು. ಎರಡು ವಾರ ಕಳೆಯುವ ಮೊದಲೇ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದಿನ ಎಂಜಿನಿಯರ್ ಒಬ್ಬನನ್ನು ಜನ ಹೊಡೆದು ಕೊಂದರು. ವದಂತಿ ಹಬ್ಬಿದ್ದು ಮೊಬೈಲಿನಲ್ಲಿ, ನಿಜ. ಆದರೆ ‘ಇದು ಸುಳ್ಳು’ ಎಂದು ಊರು ನಂಬುವಂತೆ ಹೇಳಬಲ್ಲ ದನಿ ಅದಕ್ಕೆ ಮೊದಲೇ ಕ್ಷೀಣಿಸಿತ್ತು.

ಇನ್ನು ಅಂಕೋಲಾದ ಶಿರೂರು. 2024ರ ಜುಲೈ 16ರಂದು ಗುಡ್ಡ ಕುಸಿದ ಮೇಲೆ ಕೇರಳದ ಲಾರಿ ಚಾಲಕನೊಬ್ಬನ ಹುಡುಕಾಟ ದಿನಗಟ್ಟಲೆ ನೇರಪ್ರಸಾರವಾಯಿತು. ಮಲಯಾಳಂ ವಾಹಿನಿಗಳ ಹಟ ಇಲ್ಲದಿದ್ದರೆ ಹುಡುಕಾಟ ಬೇಗ ನಿಂತುಹೋಗುತ್ತಿತ್ತೇನೋ. ಆ ಮಟ್ಟಿಗೆ ಅವರಿಗೆ ಋಣಿಯಾಗಿರಬೇಕು. ಸೆಪ್ಟೆಂಬರ್ 25ರಂದು ಗಂಗಾವಳಿಯಿಂದ ಲಾರಿ ಮೇಲೆ ಬಂತು. ಆದರೆ ಹೆದ್ದಾರಿ ಬದಿಯಲ್ಲಿ ಚಹಾ ಅಂಗಡಿ ನಡೆಸುತ್ತಿದ್ದ, ಅದೇ ಮಣ್ಣಿನಡಿ ಸತ್ತ ಸ್ಥಳೀಯ ಕುಟುಂಬಕ್ಕೆ ಕನ್ನಡ ವಾಹಿನಿಗಳಲ್ಲಿ ಸಿಕ್ಕ ಸಮಯ ಎಷ್ಟು?

ಪ್ರತಿ ವರ್ಷ ಫೆಬ್ರವರಿ ಕಳೆದ ಮೇಲೆ ಪತ್ರಿಕೆಗಳ ಮೂಲೆಯೊಂದರಲ್ಲಿ ಸಣ್ಣ ಅಕ್ಷರದ ‘ನಮೂನೆ 4’ ಕಾಣಿಸಿಕೊಳ್ಳುತ್ತದೆ. ಮಾಲೀಕರು ಯಾರು, ಶೇಕಡಾ ಒಂದಕ್ಕಿಂತ ಹೆಚ್ಚು ಬಂಡವಾಳ ಹೂಡಿದವರು ಯಾರು ಎಂದು ಅದು ಹೇಳಬೇಕು. ಆ ಮಾಲೀಕರ ಬೇರೆ ಉದ್ಯಮಗಳನ್ನೂ, ತಾಲ್ಲೂಕು ವರದಿಗಾರನಿಗೆ ಕೊಡುವ ತಿಂಗಳ ಸಂಬಳವನ್ನೂ ಅದೇ ನಮೂನೆಯಲ್ಲಿ ಮುದ್ರಿಸಲಿ ಎಂದು ಚಂದಾದಾರರು ಕೇಳಬಹುದು. ಹೊರನಾಡಿನಲ್ಲಿ ಕುಳಿತು ಪುಕ್ಕಟೆ ಪಿಡಿಎಫ್ ಓದುವ ನಾವು ಕೇಳಬೇಕಾದರೆ ಮೊದಲು ಚಂದಾ ಕಟ್ಟಬೇಕು.